‘ಇಲ್ಲ’ ಎಂದು ಬರೆದ ಮನೆಗಳು, ಏನೂ ಬರೆಯದ ಮನೆಗಳು: ಎಕ್ಸೆಲ್ ಷೀಟಿನಲ್ಲಿ ಎಣಿಕೆಯ ಸೂತ್ರಗಳ ಬಳಕೆ

ಗ್ರಾಮ ಪಂಚಾಯತಿಯಿಂದ ತಾಲ್ಲೂಕು ಪಂಚಾಯತಿಗೆ, ಅಲ್ಲಿಂದ ಜಿಲ್ಲಾ ಪಂಚಾಯತಿಗೆ ಪ್ರತಿ ತಿಂಗಳು ಸಾಗುವ ಪ್ರಗತಿ ವರದಿಯಲ್ಲಿ ಇರುವುದು ಬಹುಪಾಲು ಸಂಖ್ಯೆಗಳೇ. ಮನೆಗಳ ಸಂಖ್ಯೆ, ಸಂಪರ್ಕಗಳ ಸಂಖ್ಯೆ, ಬಾಕಿದಾರರ ಸಂಖ್ಯೆ. ಈ ಸಂಖ್ಯೆಯ ಹಿಂದೆ ಹೆಸರಿನ ಪಟ್ಟಿಯೊಂದಿರುತ್ತದೆ. ಆದರೆ ಮೇಲಿನ ಕಚೇರಿಗೆ ತಲುಪುವುದು ಪಟ್ಟಿಯಲ್ಲ, ಪಟ್ಟಿಯ ಎಣಿಕೆ ಮಾತ್ರ. ಎಣಿಕೆಯಲ್ಲಿ ಬಿಟ್ಟುಹೋದ ಮನೆಗೆ ಅಂದಾಜು ಪಟ್ಟಿಯಲ್ಲಿ ಕೊಳವೆ ಇರುವುದಿಲ್ಲ, ಕ್ರಿಯಾ ಯೋಜನೆಯಲ್ಲಿ ಹಣ ಇರುವುದಿಲ್ಲ. ಆ ಮನೆಯವರು ಪಂಚಾಯತಿಗೆ ಬಂದು ಕೇಳಿದಾಗ ಪಟ್ಟಿಯಲ್ಲಿ ಹೆಸರು ಸಿಗುತ್ತದೆ. ಹೆಸರಿದ್ದೂ ಎಣಿಕೆಗೆ ಸೇರದಿದ್ದುದು ಏಕೆ ಎಂಬುದಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತದೆ.

ಪಟ್ಟಿಗಳು ಈಗ ಬಹುತೇಕ ಎಕ್ಸೆಲ್ ಷೀಟಿನಲ್ಲಿವೆ. ಆದರೂ ಎಣಿಕೆ ಇನ್ನೂ ಕೆಲವೆಡೆ ಪರದೆಯ ಮೇಲೆ ಬೆರಳಿಟ್ಟು ನಡೆಯುತ್ತದೆ, ಅಥವಾ ಫಿಲ್ಟರ್ ಹಾಕಿ ಕೆಳಗಿನ ಪಟ್ಟಿಯಲ್ಲಿ ಕಾಣುವ ಸಂಖ್ಯೆಯನ್ನು ಬರೆದುಕೊಳ್ಳುವುದರಲ್ಲಿ ಮುಗಿಯುತ್ತದೆ. ಎಣಿಸುವುದಕ್ಕಾಗಿಯೇ ಇರುವ ಐದು ಸೂತ್ರಗಳನ್ನು ತಿಳಿದವರಿಗೆ ಈ ಶ್ರಮ ಬೇಕಿಲ್ಲ. ಕೌಂಟ್, ಕೌಂಟ್‌ಎ, ಕೌಂಟ್‌ಬ್ಲಾಂಕ್, ಕೌಂಟ್‌ಇಫ್ ಮತ್ತು ಕೌಂಟ್‌ಇಫ್ಸ್ ಎಂಬುವೇ ಆ ಐದು. ಮೈಕ್ರೋಸಾಫ್ಟ್ ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಷೀಟ್ಸ್ ಮೂರರಲ್ಲಿಯೂ ಇವು ಇದೇ ಹೆಸರಿನಲ್ಲಿವೆ. ಈ ಲೇಖನದಲ್ಲಿ ಹೆಸರುಗಳನ್ನೂ ಕಾಲಂ ಅಕ್ಷರಗಳನ್ನೂ ಕನ್ನಡ ಲಿಪಿಯಲ್ಲಿ ಮುದ್ರಿಸಲಾಗಿದೆ. ಷೀಟಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡತಕ್ಕದ್ದು. ಉದ್ಧರಣ ಚಿಹ್ನೆಯ ಒಳಗಿನ ಕನ್ನಡ ಪದಗಳನ್ನು ಮಾತ್ರ ಕನ್ನಡದಲ್ಲೇ ಟೈಪು ಮಾಡಬೇಕು.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಮಾದರಿ ಪಟ್ಟಿಯನ್ನು ತೆಗೆದುಕೊಳ್ಳಬಹುದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದಿದೆ. ಪ್ರತಿ ಗ್ರಾಮೀಣ ಮನೆಗೂ ನಳ ಸಂಪರ್ಕ, ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಎಂಬುದು ಅದರ ಗುರಿ. ಇಂತಹ ಯೋಜನೆಗೆ ಒಂದು ಪಂಚಾಯತಿ 420 ಮನೆಗಳ ಪಟ್ಟಿ ಸಿದ್ಧಪಡಿಸಿದೆ ಎಂದು ಭಾವಿಸೋಣ. ಮೊದಲ ಸಾಲಿನಲ್ಲಿ ಶೀರ್ಷಿಕೆಗಳಿವೆ. ಮನೆಗಳ ವಿವರ 2ನೇ ಸಾಲಿನಿಂದ 421ನೇ ಸಾಲಿನವರೆಗೆ ಇದೆ. ಎ ಕಾಲಂನಲ್ಲಿ ಕ್ರಮ ಸಂಖ್ಯೆ, ಬಿ ಕಾಲಂನಲ್ಲಿ ಗ್ರಾಮ, ಸಿಯಲ್ಲಿ ಕುಟುಂಬದ ಮುಖ್ಯಸ್ಥರ ಹೆಸರು, ಡಿಯಲ್ಲಿ ಆಸ್ತಿ ಸಂಖ್ಯೆ, ಇಯಲ್ಲಿ ನಳ ಸಂಪರ್ಕ ಇದೆಯೇ ಎಂಬುದಕ್ಕೆ ‘ಹೌದು’ ಅಥವಾ ‘ಇಲ್ಲ’, ಎಫ್‌ನಲ್ಲಿ ಸಂಪರ್ಕ ನೀಡಿದ ದಿನಾಂಕ, ಜಿಯಲ್ಲಿ ಪಾವತಿಯಾದ ನೀರಿನ ಕರ.

ತಾಲ್ಲೂಕು ಪಂಚಾಯತಿಯ ಪ್ರಶ್ನೆ ಒಂದೇ: ಸಂಪರ್ಕವಿಲ್ಲದ ಮನೆಗಳೆಷ್ಟು?

=ಕೌಂಟ್‌ಇಫ್(ಇ2:ಇ421,"ಇಲ್ಲ")

ಇದರ ಉತ್ತರ 47 ಎಂದು ಬಂದಿದೆ ಎನ್ನೋಣ. ಅದೇ ಕಚೇರಿಯ ಇನ್ನೊಬ್ಬ ಸಿಬ್ಬಂದಿ ಬೇರೆ ದಾರಿ ಹಿಡಿದು, ‘ಹೌದು’ ಎಂದಿರುವ ಮನೆಗಳನ್ನು ಎಣಿಸಿ 338 ಎಂದು ಪಡೆದು, ಅದನ್ನು 420ರಿಂದ ಕಳೆದು 82 ಎಂದು ವರದಿ ಮಾಡುತ್ತಾರೆ. ಒಂದೇ ಪಟ್ಟಿ, ಒಂದೇ ದಿನ, ಎರಡು ಉತ್ತರ. ನಡುವಿನ ಅಂತರ 35 ಮನೆಗಳು. ಎರಡು ಸೂತ್ರಗಳೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿವೆ. ಉಳಿದ 35 ಮನೆಗಳ ಇ ಕಾಲಂನಲ್ಲಿ ‘ಹೌದು’ ಎಂಬುದೂ ಇಲ್ಲ, ‘ಇಲ್ಲ’ ಎಂಬುದೂ ಇಲ್ಲ. ಇಂತಹ ಸಂದರ್ಭದಲ್ಲಿ ಯಾವ ಸಂಖ್ಯೆ ಕಳುಹಿಸಬೇಕೆಂದು ಚರ್ಚಿಸುವ ಮೊದಲು ಆ 35 ಸೆಲ್‌ಗಳಲ್ಲಿ ಏನಿದೆ ಎಂಬುದನ್ನು ನೋಡಬೇಕು. ಉಳಿದ ಸೂತ್ರಗಳ ಅಗತ್ಯ ಬೀಳುವುದು ಇಲ್ಲಿಯೇ.

ಕೌಂಟ್‌ಬ್ಲಾಂಕ್ ಖಾಲಿ ಸೆಲ್‌ಗಳನ್ನು ಎಣಿಸುತ್ತದೆ. =ಕೌಂಟ್‌ಬ್ಲಾಂಕ್(ಇ2:ಇ421) ಎಂದಾಗ 24 ಬರುತ್ತದೆ. ಕೌಂಟ್‌ಎ ಖಾಲಿಯಲ್ಲದ ಎಲ್ಲ ಸೆಲ್‌ಗಳನ್ನು, ಅಕ್ಷರವಿರಲಿ, ಅಂಕಿಯಿರಲಿ, ದೋಷ ಸೂಚನೆಯೇ ಇರಲಿ, ಎಣಿಸುತ್ತದೆ. ಅದರ ಉತ್ತರ 396. ಎರಡೂ ಸೇರಿ 420 ಆಗುವುದರಿಂದ ಸಾಲುಗಳು ಲೆಕ್ಕಕ್ಕೆ ಸಿಕ್ಕಿವೆ. ಆದರೆ ತುಂಬಿರುವ 396ರಲ್ಲಿ ‘ಹೌದು’ 338, ‘ಇಲ್ಲ’ 47 ಸೇರಿ 385 ಮಾತ್ರ. 11 ಸೆಲ್‌ಗಳಲ್ಲಿ ಬೇರೇನೋ ಇದೆ. ಪರಿಶೀಲಿಸಿ ನೋಡಿದರೆ ಅವು ಹೊರಬರುತ್ತವೆ: ಆರು ಸೆಲ್‌ಗಳಲ್ಲಿ ‘ಹೌದು’ ಪದದ ನಂತರ ಕಣ್ಣಿಗೆ ಕಾಣದ ಒಂದು ಖಾಲಿ ಸ್ಥಳವಿದೆ, ಮೂರರಲ್ಲಿ ‘ಹೌದು’ ಎನ್ನುವ ಬದಲು ‘ಇದೆ’ ಎಂದು ಬರೆಯಲಾಗಿದೆ, ಎರಡರಲ್ಲಿ ಸ್ಪೇಸ್ ಬಾರ್ ಒತ್ತಿದ್ದಷ್ಟೇ, ಅಕ್ಷರವಿಲ್ಲ. ಕೊನೆಯ ಈ ಎರಡು ಸೆಲ್‌ಗಳು ನೋಡುವವರಿಗೆ ಖಾಲಿ, ಯಂತ್ರಕ್ಕೆ ಖಾಲಿಯಲ್ಲ. ಒಳಗಿನ ಬರಹವನ್ನು ಅಳಿಸಬೇಕೆಂದರೆ ಸ್ಪೇಸ್ ಒತ್ತುವ ಅಭ್ಯಾಸ ಅನೇಕ ಕಚೇರಿಗಳಲ್ಲಿದೆ; ಡಿಲೀಟ್ ಕೀಲಿಯನ್ನೇ ಬಳಸುವುದು ಸೂಕ್ತ.

ಹೀಗೆ ತಿದ್ದಿದ ಬಳಿಕ ‘ಹೌದು’ 347, ‘ಇಲ್ಲ’ 47, ಏನೂ ತಿಳಿಯದವು 26. ಒಟ್ಟು 420. ತಾಲ್ಲೂಕು ಪಂಚಾಯತಿಗೆ ಹೋಗಬೇಕಾದ ಸತ್ಯವಾದ ಉತ್ತರದಲ್ಲಿ ಎರಡು ಅಂಶಗಳಿವೆ: 47 ಮನೆಗಳಿಗೆ ಸಂಪರ್ಕವಿಲ್ಲ, 26 ಮನೆಗಳ ಸ್ಥಿತಿ ಇನ್ನೂ ಪರಿಶೀಲನೆಯಾಗಿಲ್ಲ. ಈ 26 ಮನೆಗಳಿಗೆ ನೀರುಗಂಟಿಯವರನ್ನು ಕಳುಹಿಸಿ ನೋಡಿಸುವುದು ಅರ್ಧ ದಿನದ ಕೆಲಸ. ನೋಡದೆ ‘ಇಲ್ಲ’ಕ್ಕೆ ಸೇರಿಸಿದರೆ ಇಲ್ಲದ ಬೇಡಿಕೆ ಹುಟ್ಟುತ್ತದೆ, ನೋಡದೆ ಬಿಟ್ಟರೆ ನೀರು ಬಾರದ ಮನೆ ಕಾಗದದಲ್ಲಿ ಮಾಯವಾಗುತ್ತದೆ. ಎರಡನೆಯದು ಹೆಚ್ಚು ಹಾನಿಕರ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ‘ಸಮವಲ್ಲ’ ಎಂಬ ಚಿಹ್ನೆಯನ್ನು ಬಳಸಿ =ಕೌಂಟ್‌ಇಫ್(ಇ2:ಇ421,"<>ಹೌದು") ಎಂದು ಬರೆದರೆ ‘ಹೌದು’ ಅಲ್ಲದ ಎಲ್ಲವೂ, ಖಾಲಿ ಸೆಲ್‌ಗಳೂ ಸೇರಿ, ಎಣಿಕೆಗೆ ಬರುತ್ತವೆ. ಶ್ರೇಣಿಯಲ್ಲಿ ಶೀರ್ಷಿಕೆಯ ಸಾಲು ಸೇರಿದ್ದರೆ ಅದೂ ಒಂದು ಮನೆಯಾಗಿ ಎಣಿಕೆಯಾಗುತ್ತದೆ. ವರದಿಗಳಲ್ಲಿ ಒಂದು ಸಂಖ್ಯೆ ಹೆಚ್ಚಾಗಿ ಕಂಡರೆ ಮೊದಲು ಶೀರ್ಷಿಕೆಯ ಸಾಲನ್ನೇ ಸಂಶಯಿಸಬಹುದು.

ಕೌಂಟ್ ಎಂಬ ಸೂತ್ರದ ಹೆಸರು ಸಾಮಾನ್ಯವಾದರೂ ಅದರ ಸ್ವಭಾವ ವಿಶಿಷ್ಟವಾದುದು. ಅದು ಅಂಕಿಗಳನ್ನು ಮಾತ್ರ ಎಣಿಸುತ್ತದೆ. ಅಕ್ಷರಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ನೀರಿನ ಕರದ ಜಿ ಕಾಲಂನಲ್ಲಿ ಒಬ್ಬರು 120 ಎಂದೂ, ಇನ್ನೊಬ್ಬರು ‘120 ರೂ.’ ಎಂದೂ, ಮತ್ತೊಬ್ಬರು ‘೧೨೦’ ಎಂದು ಕನ್ನಡ ಅಂಕಿಯಲ್ಲೂ ಬರೆದಿದ್ದರೆ ಎಕ್ಸೆಲ್ ಮೊದಲನೆಯದನ್ನು ಮಾತ್ರ ಅಂಕಿಯೆಂದು ಸ್ವೀಕರಿಸುತ್ತದೆ. ಉಳಿದವು ಅಕ್ಷರಗಳು, ಅವು ಎಣಿಕೆಗೂ ಬರುವುದಿಲ್ಲ, ಮೊತ್ತಕ್ಕೂ ಸೇರುವುದಿಲ್ಲ. ಕರ ಕಟ್ಟಿದ ಕುಟುಂಬ ಬಾಕಿದಾರರ ಪಟ್ಟಿಗೆ ಸೇರಿ ತಗಾದೆ ನೋಟೀಸು ಪಡೆಯುವುದು ಹೀಗೆ. ರೂಪಾಯಿ ಎಂಬ ಪದ ಶೀರ್ಷಿಕೆಯಲ್ಲಿ ಒಮ್ಮೆ ಇದ್ದರೆ ಸಾಕು, ಸೆಲ್‌ನಲ್ಲಿ ಬರಿಯ ಅಂಕಿ ಇರಲಿ. ಅಂಕಿಗಳು ತಾವಾಗಿಯೇ ಸೆಲ್‌ನ ಬಲಕ್ಕೂ ಅಕ್ಷರಗಳು ಎಡಕ್ಕೂ ನಿಲ್ಲುತ್ತವೆ. ಯಾರೂ ಜೋಡಣೆಯನ್ನು ಬದಲಿಸದ ಷೀಟಿನಲ್ಲಿ ಎಡಕ್ಕೆ ಸರಿದ 120ನ್ನು ಕಂಡರೆ ಅದು ಅಂಕಿಯ ವೇಷದ ಅಕ್ಷರವೆಂದು ತಿಳಿಯಬೇಕು.

ಕರ ಪಾವತಿಸಿದವರನ್ನು ಎಣಿಸಲು ಕೌಂಟ್ ಸಾಲದು, ಏಕೆಂದರೆ ಸೊನ್ನೆಯೂ ಒಂದು ಅಂಕಿ. ಕೌಂಟ್‌ಎ ಇನ್ನೂ ಸಾಲದು. ಪಾವತಿಯಿಲ್ಲ ಎಂದು ಸೂಚಿಸಲು ಹಾಕಿದ ಅಡ್ಡಗೆರೆಯನ್ನೂ ಅದು ಎಣಿಸಿಬಿಡುತ್ತದೆ. =ಕೌಂಟ್‌ಇಫ್(ಜಿ2:ಜಿ421,">0") ಎಂಬುದು ಸರಿಯಾದ ಕ್ರಮ. ಇನ್ನು =ಕೌಂಟ್‌ಇಫ್(ಜಿ2:ಜಿ421,0) ಎಂದರೆ ಸೊನ್ನೆ ಎಂದು ಬರೆದಿರುವ ಸೆಲ್‌ಗಳು ಮಾತ್ರ ಬರುತ್ತವೆ, ಖಾಲಿ ಇರುವವು ಬರುವುದಿಲ್ಲ. ಕಟ್ಟಿಲ್ಲ ಎಂಬುದಕ್ಕೆ ಸೊನ್ನೆ, ತಿಳಿದಿಲ್ಲ ಎಂಬುದಕ್ಕೆ ಖಾಲಿ ಎಂಬ ಪದ್ಧತಿಯನ್ನು ಕಚೇರಿಯಲ್ಲಿ ಎಲ್ಲರೂ ಒಪ್ಪಿಕೊಂಡರೆ ಈ ಭೇದವೇ ಉಪಯೋಗಕ್ಕೆ ಬರುತ್ತದೆ.

ದಿನಾಂಕಗಳನ್ನು ಷೀಟು ಒಳಗೆ ಅಂಕಿಗಳಾಗಿಯೇ ಇಟ್ಟುಕೊಳ್ಳುವುದರಿಂದ ಕೌಂಟ್ ಅವುಗಳನ್ನೂ ಎಣಿಸುತ್ತದೆ. ಆದರೆ ಕಚೇರಿಯ ಪತ್ರಗಳಲ್ಲಿ ರೂಢಿಯಲ್ಲಿರುವಂತೆ 15.04.2025 ಎಂದು ಚುಕ್ಕೆಯಿಟ್ಟು ಬರೆದ ದಿನಾಂಕವನ್ನು ನಮ್ಮಲ್ಲಿನ ಸಾಮಾನ್ಯ ಹೊಂದಾಣಿಕೆಯ ಎಕ್ಸೆಲ್ ಅಕ್ಷರವೆಂದೇ ಭಾವಿಸುತ್ತದೆ. ಇನ್ನೂ ಅಪಾಯದ ಸ್ಥಿತಿ ಒಂದಿದೆ. ಕಂಪ್ಯೂಟರಿನ ಪ್ರದೇಶದ ಹೊಂದಾಣಿಕೆ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ಆಗ 15/04/2025 ಎಂಬುದರಲ್ಲಿ 15ನೇ ತಿಂಗಳಿಲ್ಲದ ಕಾರಣ ಅದು ಅಕ್ಷರವಾಗಿ ಉಳಿಯುತ್ತದೆ. ಆದರೆ 05/04/2025, ಅಂದರೆ ಏಪ್ರಿಲ್ 5, ಸದ್ದಿಲ್ಲದೆ ಮೇ 4 ಆಗಿಬಿಡುತ್ತದೆ. ಮೊದಲನೆಯ ತಪ್ಪು ಎಣಿಕೆ ಕಡಿಮೆಯಾದಾಗ ಸಿಕ್ಕಿಬೀಳುತ್ತದೆ, ಎರಡನೆಯದು ಸಿಕ್ಕಿಬೀಳುವುದಿಲ್ಲ. ಹೊಸ ಕಂಪ್ಯೂಟರ್ ಬಂದ ದಿನವೇ ಹೊಂದಾಣಿಕೆಯನ್ನು ಭಾರತಕ್ಕೆ ಬದಲಿಸಿಕೊಳ್ಳುವುದು ಅವಶ್ಯ. ಮಾದರಿ ಪಟ್ಟಿಯಲ್ಲಿ =ಕೌಂಟ್(ಎಫ್2:ಎಫ್421) ಎಂಬುದರ ಉತ್ತರ 347 ಬರಬೇಕು, ಏಕೆಂದರೆ ಸಂಪರ್ಕವಿರುವ ಪ್ರತಿ ಮನೆಗೂ ಒಂದು ದಿನಾಂಕ ಇರಬೇಕು. ಕಡಿಮೆ ಬಂದರೆ ದಿನಾಂಕ ಬರೆದಿಲ್ಲ, ಅಥವಾ ಬರೆದದ್ದು ದಿನಾಂಕವಾಗಿಲ್ಲ. ಹೆಚ್ಚು ಬಂದರೆ ದಿನಾಂಕವಿದ್ದೂ ‘ಹೌದು’ ಎಂದು ಬರೆಯದ ಮನೆಗಳಿವೆ. ಹೀಗೆ ಒಂದು ಕಾಲಂನ ಎಣಿಕೆಯನ್ನು ಇನ್ನೊಂದು ಕಾಲಂನ ಎಣಿಕೆಯೊಂದಿಗೆ ತಾಳೆ ನೋಡುವುದು ನಗದು ಪುಸ್ತಕವನ್ನು ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿದಂತೆ.

ಎರಡು ಅಥವಾ ಹೆಚ್ಚು ಷರತ್ತುಗಳಿದ್ದಾಗ ಕೌಂಟ್‌ಇಫ್ಸ್ ಬೇಕಾಗುತ್ತದೆ. ಇದು ಎಕ್ಸೆಲ್ 2007ರಿಂದ ಲಭ್ಯವಿದೆ. ಶ್ರೇಣಿ, ಷರತ್ತು, ಶ್ರೇಣಿ, ಷರತ್ತು ಎಂಬ ಜೋಡಿಗಳಾಗಿ ಇದನ್ನು ಬರೆಯಬೇಕು. ಎಲ್ಲ ಶ್ರೇಣಿಗಳೂ ಒಂದೇ ಅಳತೆಯಲ್ಲಿರಬೇಕು. 2025-26ನೇ ಆರ್ಥಿಕ ವರ್ಷದಲ್ಲಿ ನೀಡಿದ ಸಂಪರ್ಕಗಳನ್ನು ಹೀಗೆ ಎಣಿಸಬಹುದು:

=ಕೌಂಟ್‌ಇಫ್ಸ್(ಎಫ್2:ಎಫ್421,">="&ಡೇಟ್(2025,4,1),ಎಫ್2:ಎಫ್421,"<="&ಡೇಟ್(2026,3,31))

ಗ್ರಾಮವಾರು ತಖ್ತೆಗೂ ಇದೇ ಸೂತ್ರ. ಪಕ್ಕದಲ್ಲಿ ಜೆ ಕಾಲಂನಲ್ಲಿ ಗ್ರಾಮಗಳ ಹೆಸರುಗಳನ್ನು ಬರೆದು, ಕೆ ಕಾಲಂನಲ್ಲಿ =ಕೌಂಟ್‌ಇಫ್ಸ್(ಬಿ$2:ಬಿ$421,ಜೆ2,ಇ$2:ಇ$421,"ಇಲ್ಲ") ಎಂದು ಬರೆದು ಕೆಳಕ್ಕೆ ಎಳೆದರೆ ಸಾಕು. ಡಾಲರ್ ಚಿಹ್ನೆಯನ್ನು ಬಿಟ್ಟರೆ ಶ್ರೇಣಿಯೂ ಸೂತ್ರದ ಜೊತೆಗೆ ಕೆಳಕ್ಕೆ ಜಾರುತ್ತದೆ: ಎರಡನೆಯ ಗ್ರಾಮಕ್ಕೆ 3ರಿಂದ 422, ಮೂರನೆಯದಕ್ಕೆ 4ರಿಂದ 423. ಪಟ್ಟಿ ಗ್ರಾಮಗಳ ಅನುಕ್ರಮದಲ್ಲಿಯೇ ಇರುವವರೆಗೆ ಈ ತಪ್ಪು ಕಾಣುವುದಿಲ್ಲ, ಏಕೆಂದರೆ ಮೇಲೆ ಬಿಟ್ಟುಹೋಗುವ ಸಾಲುಗಳು ಮೊದಲ ಗ್ರಾಮದವು. ಯಾರಾದರೂ ಹೆಸರಿನ ಅಕಾರಾದಿಯಲ್ಲಿ ಪಟ್ಟಿಯನ್ನು ಜೋಡಿಸಿದ ದಿನ ಗ್ರಾಮವಾರು ಸಂಖ್ಯೆಗಳು ಒಂದೆರಡು ಬದಲಾಗುತ್ತವೆ, ಕಾರಣ ತಿಳಿಯದೆ ಎಲ್ಲರೂ ಕಂಗಾಲಾಗುತ್ತಾರೆ. ಎಫ್4 ಕೀಲಿಯನ್ನು ಒತ್ತಿ ಡಾಲರ್ ಹಾಕುವುದಕ್ಕೆ ಒಂದು ಕ್ಷಣ ಸಾಕು. ಗ್ರಾಮವಾರು ಸಂಖ್ಯೆಗಳ ಮೊತ್ತವು ಒಟ್ಟು 47ಕ್ಕೆ ಸಮವಾಗಿದೆಯೇ ಎಂದು ಕೆಳಗೆ ಒಂದು ಸಾಲಿನಲ್ಲಿ ಪರೀಕ್ಷಿಸುವುದೂ ಕಡ್ಡಾಯವೆಂದೇ ಭಾವಿಸಬೇಕು.

ಮೊತ್ತ ಸಮವಾಗದಿದ್ದರೆ ಹೆಚ್ಚಿನ ವೇಳೆ ಅಪರಾಧಿ ವಿಲೀನಗೊಳಿಸಿದ ಸೆಲ್. ಲೆಡ್ಜರಿನಲ್ಲಿ ಗ್ರಾಮದ ಹೆಸರನ್ನು ಒಮ್ಮೆ ಬರೆದು ಕೆಳಗೆ ಆವರಣ ಹಾಕುವ ರೂಢಿಯಿತ್ತು. ಅದೇ ರೂಢಿಯಲ್ಲಿ ಷೀಟಿನಲ್ಲಿಯೂ ನೂರು ಸಾಲುಗಳ ಬಿ ಕಾಲಂ ಅನ್ನು ಒಂದಾಗಿಸಿ ನಡುವೆ ಊರಿನ ಹೆಸರು ಬರೆಯುತ್ತಾರೆ. ನೋಟಕ್ಕೆ ಅಚ್ಚುಕಟ್ಟು. ಆದರೆ ಹೆಸರು ಉಳಿಯುವುದು ಮೊದಲ ಸಾಲಿನಲ್ಲಿ ಮಾತ್ರ. ಉಳಿದ ತೊಂಬತ್ತೊಂಬತ್ತು ಸಾಲುಗಳು ಯಂತ್ರದ ದೃಷ್ಟಿಯಲ್ಲಿ ಊರಿಲ್ಲದ ಮನೆಗಳು. ವಿಲೀನವನ್ನು ತೆಗೆದು, ಬಿ ಕಾಲಂನ ಪಟ್ಟಿಯ ಭಾಗವನ್ನು ಆರಿಸಿ, ಎಫ್5 ಒತ್ತಿ ಸ್ಪೆಷಲ್ ಎಂಬಲ್ಲಿ ಬ್ಲಾಂಕ್ಸ್ ಆಯ್ಕೆ ಮಾಡಿ, ಸಮ ಚಿಹ್ನೆ ಟೈಪು ಮಾಡಿ, ಮೇಲ್ಮುಖ ಬಾಣದ ಕೀಲಿ ಒತ್ತಿ, ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ ಎಲ್ಲ ಸಾಲುಗಳಿಗೂ ಊರಿನ ಹೆಸರು ಒಮ್ಮೆಗೇ ತುಂಬುತ್ತದೆ. ಬಳಿಕ ಆ ಕಾಲಂ ಅನ್ನು ನಕಲಿಸಿ ಮೌಲ್ಯಗಳಾಗಿ ಅಂಟಿಸಬೇಕು. ಇಲ್ಲದಿದ್ದರೆ ಮುಂದೆ ಪಟ್ಟಿಯ ಅನುಕ್ರಮ ಬದಲಿಸಿದಾಗ ಹೆಸರುಗಳು ಕಲಸಿಹೋಗುತ್ತವೆ. ಮುದ್ರಣಕ್ಕೆ ಅಂದವಾದ ಪ್ರತಿ ಬೇಕಿದ್ದರೆ ಅದನ್ನು ಬೇರೆ ಷೀಟಿನಲ್ಲಿ ಮಾಡಿಕೊಳ್ಳಬಹುದು.

ಕೌಂಟ್‌ಇಫ್ಸ್ ಎಲ್ಲ ಷರತ್ತುಗಳೂ ಒಟ್ಟಿಗೆ ಪೂರೈಸಿದ ಸಾಲುಗಳನ್ನು ಮಾತ್ರ ಎಣಿಸುತ್ತದೆ. ‘ಇದು ಅಥವಾ ಅದು’ ಎಂಬ ಪ್ರಶ್ನೆಗೆ ಎರಡು ಎಣಿಕೆಗಳನ್ನು ಕೂಡಿಸಬೇಕಾಗುತ್ತದೆ. ಒಂದೇ ಕಾಲಂನ ಎರಡು ವರ್ಗಗಳಾದರೆ ಕೂಡಿಸಿದರೆ ಸಾಕು. ಬೇರೆ ಬೇರೆ ಕಾಲಂಗಳಾದರೆ ಎಚ್ಚರ ಬೇಕು. ಮಹಿಳೆ ಮುಖ್ಯಸ್ಥರಾಗಿರುವ ಮನೆಗಳು 58, ವಿಕಲಚೇತನರಿರುವ ಮನೆಗಳು 23 ಎಂದಿದ್ದರೆ ಆದ್ಯತೆಯ ಮನೆಗಳು 81 ಆಗಬೇಕೆಂದಿಲ್ಲ. ಎರಡೂ ಲಕ್ಷಣಗಳಿರುವ 7 ಮನೆಗಳು ಎರಡು ಬಾರಿ ಸೇರಿವೆ. ಕೌಂಟ್‌ಇಫ್ಸ್‌ನಿಂದ ಆ 7ನ್ನು ಪಡೆದು ಕಳೆದರೆ 74 ಉಳಿಯುತ್ತದೆ.

ಒಂದೇ ಮನೆ ಎರಡು ಬಾರಿ ಪಟ್ಟಿಯಲ್ಲಿದ್ದರೆ ಅದನ್ನೂ ಕೌಂಟ್‌ಇಫ್ ತೋರಿಸುತ್ತದೆ. ಖಾಲಿ ಕಾಲಂ ಒಂದರಲ್ಲಿ =ಕೌಂಟ್‌ಇಫ್(ಡಿ$2:ಡಿ$421,ಡಿ2) ಎಂದು ಬರೆದು ಎಳೆದರೆ ಪ್ರತಿ ಆಸ್ತಿ ಸಂಖ್ಯೆ ಎಷ್ಟು ಬಾರಿ ಬಂದಿದೆ ಎಂಬುದು ಕಾಣುತ್ತದೆ; ಒಂದಕ್ಕಿಂತ ಹೆಚ್ಚಿರುವವನ್ನು ಪರಿಶೀಲಿಸಬೇಕು. ಅಣ್ಣ ತಮ್ಮಂದಿರು ಒಂದೇ ಆಸ್ತಿ ಸಂಖ್ಯೆಯ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿರುವುದೂ ಉಂಟು, ಆದ್ದರಿಂದ ಪುನರಾವರ್ತನೆಯೆಲ್ಲ ತಪ್ಪಲ್ಲ, ನೋಡದೆ ಅಳಿಸಬಾರದು. ಇದೇ ಉಪಾಯವನ್ನು ಬ್ಯಾಂಕ್ ಖಾತೆ ಸಂಖ್ಯೆಗಳಿಗೆ ಅನ್ವಯಿಸುವಾಗ ಒಂದು ಮಿತಿಯಿದೆ. ಎಕ್ಸೆಲ್ ಅಂಕಿಯಲ್ಲಿ 15 ಸ್ಥಾನಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯನ್ನು ನೇರವಾಗಿ ಟೈಪು ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಅಕ್ಷರವಾಗಿ ಉಳಿಸಿದ್ದರೂ ಕೌಂಟ್‌ಇಫ್ ಅದನ್ನು ಅಂಕಿಯೆಂದೇ ಹೋಲಿಸುವುದರಿಂದ, ಕೊನೆಯ ಅಂಕಿಯಲ್ಲಿ ಮಾತ್ರ ಬೇರೆಯಾದ ಇಬ್ಬರ ಖಾತೆಗಳನ್ನು ಒಂದೇ ಎಂದು ತೋರಿಸುತ್ತದೆ. ಖಾತೆ ಸಂಖ್ಯೆಗಳ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ನಿಗದಿಪಡಿಸಿ, ಷರತ್ತಿನಲ್ಲಿ ಡಿ2&"*" ಎಂಬಂತೆ ನಕ್ಷತ್ರ ಸೇರಿಸಿದರೆ ಅಕ್ಷರಗಳಾಗಿಯೇ ಹೋಲಿಕೆ ನಡೆಯುತ್ತದೆ. 12 ಅಂಕಿಗಳ ಆಧಾರ್ ಸಂಖ್ಯೆಗೆ ಈ ತೊಡಕಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಿಗೇ ವಿಶೇಷವಾದ ತೊಡಕೊಂದಿದೆ. ಹಳೆಯ ಪಟ್ಟಿಗಳು ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಅಕ್ಷರಶೈಲಿಯಲ್ಲಿವೆ; ಹೊಸವು ಯೂನಿಕೋಡ್‌ನಲ್ಲಿವೆ. ಆಸ್ಕಿ ಪಟ್ಟಿಯ ಸೆಲ್‌ನಲ್ಲಿ ನಿಜಕ್ಕೂ ಇರುವುದು ರೋಮನ್ ಅಕ್ಷರಗಳು; ಫಾಂಟು ಅವುಗಳ ಮೇಲೆ ಕನ್ನಡದ ರೂಪವನ್ನು ತೋರಿಸುತ್ತದೆ ಅಷ್ಟೆ. ಎರಡೂ ‘ಹೌದು’ಗಳು ಕಣ್ಣಿಗೆ ಒಂದೇ, ಸೂತ್ರಕ್ಕೆ ಬೇರೆ ಬೇರೆ. ಯೂನಿಕೋಡ್‌ನಲ್ಲಿ ಬರೆದ ಷರತ್ತು ಆಸ್ಕಿ ಸಾಲುಗಳನ್ನು ಒಂದೂ ಎಣಿಸುವುದಿಲ್ಲ. ಸಾಲದ್ದಕ್ಕೆ ಕೌಂಟ್‌ಇಫ್ ರೋಮನ್ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಮಾಡುವುದಿಲ್ಲ, ಆಸ್ಕಿ ಫಾಂಟಿನಲ್ಲಾದರೋ ಅವೆರಡೂ ಬೇರೆ ಬೇರೆ ಕನ್ನಡ ಅಕ್ಷರಗಳು. ಆದ್ದರಿಂದ ಎರಡು ಭಿನ್ನ ಪದಗಳು ಒಂದೇ ಎಂದು ಎಣಿಕೆಯಾಗುವ ಸಾಧ್ಯತೆಯೂ ಇದೆ. ಪರೀಕ್ಷೆ ಸುಲಭ: ಕಾಲಂ ಅನ್ನು ಆರಿಸಿ ಫಾಂಟನ್ನು ಏರಿಯಲ್‌ಗೆ ಬದಲಿಸಿದಾಗ ಕನ್ನಡ ಉಳಿದರೆ ಯೂನಿಕೋಡ್, ಅರ್ಥವಿಲ್ಲದ ರೋಮನ್ ಅಕ್ಷರಗಳಾದರೆ ಆಸ್ಕಿ. ಪರಿವರ್ತಕದ ಮೂಲಕ ಇಡೀ ಪಟ್ಟಿಯನ್ನು ಯೂನಿಕೋಡ್‌ಗೆ ತಂದ ಬಳಿಕವೇ ಎಣಿಕೆಗೆ ತೊಡಗಬೇಕು.

ಊರಿನ ಹೆಸರುಗಳ ಕಾಗುಣಿತವೂ ಇದೇ ಬಗೆಯ ಕಾಟ ಕೊಡುತ್ತದೆ. ಹೊಸಹಳ್ಳಿ, ಹೊಸಳ್ಳಿ, ಪ.ಜಾ., ಪ.ಜಾತಿ, ಪರಿಶಿಷ್ಟ ಜಾತಿ. ಓದುವವರಿಗೆ ಒಂದೇ, ಸೂತ್ರಕ್ಕೆ ಪ್ರತಿಯೊಂದೂ ಬೇರೆ. ನಕ್ಷತ್ರ ಚಿಹ್ನೆಯಿಂದ "ಹೊಸ*" ಎಂದು ಎರಡನ್ನೂ ಹಿಡಿಯಬಹುದು, ಆದರೆ ಅದೇ ಬಲೆಗೆ ಹೊಸಕೋಟೆಯೂ ಬೀಳುತ್ತದೆ. ಡೇಟಾ ವ್ಯಾಲಿಡೇಶನ್ ಎಂಬ ಸೌಲಭ್ಯದಿಂದ ಸೆಲ್‌ಗೆ ನಿಗದಿತ ಪದಗಳ ಪಟ್ಟಿಯನ್ನು ಜೋಡಿಸಿ, ಅದರಲ್ಲೊಂದನ್ನು ಆರಿಸುವುದಕ್ಕೆ ಮಾತ್ರ ಅವಕಾಶ ಕೊಡುವುದೇ ಸರಿಯಾದ ಪರಿಹಾರ. ಬೇರೆಡೆಯಿಂದ ನಕಲಿಸಿ ಅಂಟಿಸಿದರೆ ಈ ಕಾವಲು ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ.

ಫಿಲ್ಟರ್ ಹಾಕಿರುವಾಗಲೂ ಈ ಐದು ಸೂತ್ರಗಳು ಮರೆಯಾದ ಸಾಲುಗಳನ್ನು ಸೇರಿಸಿಯೇ ಎಣಿಸುತ್ತವೆ. ಪರದೆಯಲ್ಲಿ ಕಾಣುವ ಸಾಲುಗಳಷ್ಟೇ ಬೇಕಾದರೆ =ಸಬ್‌ಟೋಟಲ್(103,ಇ2:ಇ421) ಎಂಬುದನ್ನು ಬಳಸಬೇಕು; ಅದು ಕೌಂಟ್‌ಎ ಮಾಡುವ ಕೆಲಸವನ್ನೇ ಕಾಣುವ ಸಾಲುಗಳಿಗೆ ಸೀಮಿತಗೊಳಿಸಿ ಮಾಡುತ್ತದೆ.

ಕೊನೆಯದಾಗಿ ಪಟ್ಟಿ ಬೆಳೆಯುವ ಸಂಗತಿ. 421ನೇ ಸಾಲಿಗೆ ನಿಂತ ಸೂತ್ರ 422ನೇ ಸಾಲಿನಲ್ಲಿ ಹೊಸದಾಗಿ ಸೇರಿದ ಮನೆಯನ್ನು ಎಣಿಸದೇ ಹೋಗಬಹುದು. ಪಟ್ಟಿಯೊಳಗೆ ಒಂದು ಸೆಲ್ ಆರಿಸಿ ಕಂಟ್ರೋಲ್ ಮತ್ತು ಟಿ ಒತ್ತಿ ಅದನ್ನು ಟೇಬಲ್ ಆಗಿ ಪರಿವರ್ತಿಸಿ, ಬಳಿಕ ಕಾಲಂನ ಸೆಲ್‌ಗಳನ್ನು ಆರಿಸಿ ಸೂತ್ರ ಬರೆದರೆ ಹೊಸ ಸಾಲುಗಳು ತಾವಾಗಿಯೇ ಎಣಿಕೆಗೆ ಸೇರುತ್ತವೆ. ಕಡತವನ್ನು ಉಳಿಸುವ ಮಾದರಿಯೂ ಮುಖ್ಯ. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ ಒಂದು ಷೀಟಿಗೆ 65,536 ಸಾಲುಗಳಷ್ಟೇ ಹಿಡಿಯುತ್ತವೆ, ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಮಾದರಿಯ ಕಡತಗಳಿಗೆ ಪ್ರಯೋಗಾಲಯದ ವರದಿಗಳನ್ನು ತುಂಬಿದಾಗ ಮಿತಿ ಮೀರಿದ ಸಾಲುಗಳು ಬಿಟ್ಟುಹೋಗಿ, 15,841 ಕೋವಿಡ್ ಪ್ರಕರಣಗಳು ದೈನಂದಿನ ಎಣಿಕೆಯಿಂದ ಹೊರಗುಳಿದಿದ್ದವು. ಅವರ ಸಂಪರ್ಕಕ್ಕೆ ಬಂದವರನ್ನು ಪತ್ತೆ ಹಚ್ಚುವ ಕೆಲಸವೂ ಅಷ್ಟು ದಿನ ತಡವಾಯಿತು. ಒಂದು ಪಂಚಾಯತಿಯ ಪಟ್ಟಿ ಆ ಮಿತಿಯನ್ನು ಮುಟ್ಟುವುದಿಲ್ಲ. ತಾಲ್ಲೂಕಿನ ಎಲ್ಲ ಪಂಚಾಯತಿಗಳ ಪಟ್ಟಿಗಳನ್ನು ಒಂದೇ ಷೀಟಿಗೆ ಸೇರಿಸುವಾಗ ಮುಟ್ಟಬಹುದು. ಸೇರಿಸುವ ಮುನ್ನ ಪ್ರತಿ ಪಂಚಾಯತಿಯ ಕ್ರಮ ಸಂಖ್ಯೆ ಕಾಲಂನ ಎಣಿಕೆಯನ್ನು ಬರೆದಿಟ್ಟುಕೊಂಡು, ಸೇರಿಸಿದ ಬಳಿಕ ಅವುಗಳ ಮೊತ್ತವನ್ನು ಹೊಸ ಷೀಟಿನ ಎಣಿಕೆಯೊಂದಿಗೆ ತಾಳೆ ನೋಡತಕ್ಕದ್ದು.